ಡಾಕ್ಟರ್ ಸರ್ ಜಾರ್ಜ್ ಬೀಟ್ಸನ್‌ರವರ ಚರಿತ್ರೆ

ಸ್ತ್ರೀಯರನ್ನು ಪೀಡಿಸುವ ವ್ಯಾಧಿಗಳಲ್ಲಿ ಸ್ತನದ ಅರ್ಬುದ, ಅಂದರೆ ಈಗ ಎಲ್ಲರ ಬಾಯಲ್ಲಿಯೂ ಕ್ಯಾನ್ಸರ್ ಎಂದು ರೂಢಿಯಾಗಿರುವ ರೋಗವು, ಬಹು ಕ್ರೂರವಾದುದು. ಇದರ ಕ್ರೌರ್ಯವನ್ನು ಹೆಚ್ಚಿಸುವ ಇನ್ನೊಂದು ಸಂಗತಿಯೂ ಉಂಟು. ಜ್ವರ ಬಂದರೆ ಮನೆಯವರೆಲ್ಲರಿಗೂ ತಿಳಿಯುತ್ತದೆ; ಕೈ ಮುರಿದರೆ ನೆರೆಹೊರೆಯವರೂ ಬಂದು ವಿಚಾರಿಸುತ್ತಾರೆ; ಆದರೆ ಎದೆಯಲ್ಲೊಂದು ಗಂಟು ಕಾಣಿಸಿಕೊಂಡಾಗ ಹೆಂಗಸು ಅದನ್ನು ಸೆರಗಿನ ಮರೆಯಲ್ಲಿಟ್ಟುಕೊಂಡು, ಗಂಡನಿಗೂ ಹೇಳಲಾರದೆ, ಮಗಳಿಗೂ ಹೇಳಲಾರದೆ, ತಿಂಗಳುಗಟ್ಟಲೆ ಸುಮ್ಮನಿರುವುದನ್ನು ನಾವು ನಮ್ಮ ಬಂಧುಬಳಗದಲ್ಲಿಯೇ ಕಂಡಿದ್ದೇವೆ. ವೈದ್ಯರ ಬಳಿಗೆ ಬರುವ ಹೊತ್ತಿಗೆ ಅನೇಕ ವೇಳೆ ರೋಗವು ಶಸ್ತ್ರಕ್ಕೆ ಮೀರಿರುತ್ತದೆ. ಹೀಗೆ ಶಸ್ತ್ರಕ್ಕೆ ಮೀರಿದ ರೋಗಿಗಳ ಹಾಸಿಗೆಯ ಬಳಿಯಲ್ಲಿ ನಿಂತು, ಇವರಿಗೆ ಮಾಡತಕ್ಕದ್ದು ಇನ್ನೇನೂ ಉಳಿದಿಲ್ಲವೆಂಬ ಮಾತನ್ನು ಒಪ್ಪದೆ ಹೋದ ಮಹನೀಯರೊಬ್ಬರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ವಿದ್ಯಾರ್ಥಿನಿಯರ ತಂದೆತಾಯಿಗಳ ಮುಂದಿಡಲು ನಾವು ಇಚ್ಛಿಸುತ್ತೇವೆ. ಅವರು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಶಸ್ತ್ರವೈದ್ಯರಾದ ಸರ್ ಜಾರ್ಜ್ ತಾಮಸ್ ಬೀಟ್ಸನ್‌ರವರು.

ಬೀಟ್ಸನ್‌ರವರು ಸ್ಕಾಟ್ಲೆಂಡಿನ ವೈದ್ಯರಾಗಿ ಹೆಸರುಗೊಂಡರೂ ಹುಟ್ಟಿದ್ದು ನಮ್ಮ ದೇಶಕ್ಕೆ ಸಮೀಪದಲ್ಲಿಯೇ. ಈಗ ಶ್ರೀಲಂಕಾ ಎನಿಸಿಕೊಳ್ಳುವ ಸಿಂಹಳ ದ್ವೀಪದ ತ್ರಿಂಕೋಮಲಿ ಎಂಬ ರೇವುಪಟ್ಟಣದಲ್ಲಿ ೧೮೪೮ನೆಯ ಇಸವಿ ಮೇ ತಿಂಗಳಲ್ಲಿ ಅವರ ಜನನವಾಯಿತು. ಅವರ ತಂದೆಯು ಬ್ರಿಟಿಷ್ ಸೈನ್ಯದಲ್ಲಿ ವೈದ್ಯರಾಗಿದ್ದು ಮುಂದೆ ಆ ಇಲಾಖೆಯಲ್ಲಿ ಉನ್ನತ ಪದವಿಗೆ ಏರಿದವರು. ಬಾಲಕನು ಐಲ್ ಆಫ್ ಮ್ಯಾನ್ ದ್ವೀಪದ ಕಿಂಗ್ ವಿಲಿಯಮ್ಸ್ ಕಾಲೇಜಿನಲ್ಲಿ ಓದಿ, ಅಲ್ಲಿಂದ ಕೇಂಬ್ರಿಜ್ ವಿಶ್ವವಿದ್ಯಾಲಯದ ಕ್ಲೇರ್ ಕಾಲೇಜನ್ನು ಸೇರಿ, ೧೮೭೧ರಲ್ಲಿ ಬಿ.ಎ. ಪದವಿಯನ್ನು ಪಡೆದನು. ಅನಂತರ ತಂದೆಯ ವೃತ್ತಿಯನ್ನೇ ಹಿಡಿಯಲು ನಿಶ್ಚಯಿಸಿ ಎಡಿನ್‌ಬರೋ ನಗರಕ್ಕೆ ಹೋಗಿ, ೧೮೭೪ರಲ್ಲಿ ವೈದ್ಯಪದವೀಧರನಾದನು.

ಆ ಕಾಲದಲ್ಲಿ ಎಡಿನ್‌ಬರೋ ನಗರದಲ್ಲಿ ಜೋಸೆಫ್ ಲಿಸ್ಟರ್‌ರವರು ಶಸ್ತ್ರವೈದ್ಯದ ಪ್ರಾಧ್ಯಾಪಕರಾಗಿದ್ದರು. ಗಾಯವು ಕೀವುಗೊಳ್ಳುವುದಕ್ಕೆ ಕಣ್ಣಿಗೆ ಕಾಣದ ಕ್ರಿಮಿಗಳೇ ಕಾರಣವೆಂದು ತಿಳಿದು, ಕಾರ್ಬಾಲಿಕ್ ಆಮ್ಲದಿಂದ ಆ ಕ್ರಿಮಿಗಳನ್ನು ನಿವಾರಿಸುವ ವಿಧಾನವನ್ನು ಅವರು ೧೮೬೭ರಲ್ಲಿ ಪ್ರಕಟಿಸಿದ್ದರು. ಬೀಟ್ಸನ್‌ರವರು ಈ ಮಹಾಗುರುವಿನ ಕೈಕೆಳಗೆ ಆಸ್ಪತ್ರೆಯ ಕಿರಿಯ ವೈದ್ಯರಾಗಿ ಕೆಲಸಮಾಡುವ ಭಾಗ್ಯವನ್ನು ಪಡೆದರು. ಅದಕ್ಕೆ ಮೊದಲು ಹೊಟ್ಟೆಯನ್ನು ಕೊಯ್ದು ತೆರೆಯುವುದೆಂದರೆ ರೋಗಿಯನ್ನು ಮೃತ್ಯುವಿನ ಬಾಗಿಲಿಗೆ ಕೊಂಡೊಯ್ದಂತೆಯೇ ಆಗಿತ್ತು. ಲಿಸ್ಟರ್‌ರವರ ವಿಧಾನವು ಬಂದ ಮೇಲೆ ಅಂಥ ಶಸ್ತ್ರಕ್ರಿಯೆಯನ್ನು ಧೈರ್ಯದಿಂದ ಯೋಚಿಸುವುದು ಸಾಧ್ಯವಾಯಿತು. ಶಿಷ್ಯನು ಇಪ್ಪತ್ತು ವರ್ಷಗಳ ಬಳಿಕ ಮಾಡಿದ ಕಾರ್ಯಕ್ಕೆ ಗುರುವಿನ ಈ ಪಾಠವೇ ಅಸ್ತಿಭಾರವಾಯಿತೆಂದು ಹೇಳಬಹುದು.

೧೮೭೬ರಲ್ಲಿ ಅವರಿಗೆ ಒಂದು ವಿಚಿತ್ರವಾದ ಉದ್ಯೋಗವು ದೊರೆಯಿತು. ಪಶ್ಚಿಮ ಸ್ಕಾಟ್ಲೆಂಡಿನ ದೊಡ್ಡ ಜಮೀನೊಂದರಲ್ಲಿ ಬುದ್ಧಿಯು ಸ್ವಾಸ್ಥ್ಯ ತಪ್ಪಿದ ಒಬ್ಬ ಗೃಹಸ್ಥನಿದ್ದನು. ಅವನ ಬಳಿಯಲ್ಲಿದ್ದು ಅವನ ಆರೋಗ್ಯವನ್ನು ನೋಡಿಕೊಳ್ಳುವುದು ಬೀಟ್ಸನ್‌ರವರ ಕೆಲಸ. ಕೆಲಸವು ಸ್ವಲ್ಪ, ಬಿಡುವು ಬಹಳ. ಇನ್ನೊಬ್ಬ ತರುಣನಾಗಿದ್ದರೆ ಬೇಟೆಯಲ್ಲಿಯೋ ಮೀನು ಹಿಡಿಯುವುದರಲ್ಲಿಯೋ ಕಾಲವನ್ನು ಕಳೆಯುತ್ತಿದ್ದನು. ಬೀಟ್ಸನ್‌ರವರಾದರೋ ಎಂ.ಡಿ. ಪದವಿಗೋಸ್ಕರ ಪ್ರಬಂಧವನ್ನು ಬರೆಯಲು ಈ ಬಿಡುವನ್ನು ಉಪಯೋಗಿಸಿಕೊಂಡರು. ಸುತ್ತಲೂ ಕುರಿಗಳ ಹಿಂಡುಗಳು. ಮರಿಗಳನ್ನು ತಾಯಿಯ ಹಾಲಿನಿಂದ ಬಿಡಿಸುವ ಕಾಲ. ಪ್ರತಿದಿನವೂ ಕಣ್ಣೆದುರಿಗಿದ್ದ ಈ ನೋಟವೇ ಅವರಿಗೆ ವಿಷಯವನ್ನು ಒದಗಿಸಿತು. ತಾಯಿಯ ಎದೆಯಲ್ಲಿ ಹಾಲು ಹೇಗೆ ಉಂಟಾಗುತ್ತದೆ, ಏತಕ್ಕೆ ನಿಲ್ಲುತ್ತದೆ ಎಂಬ ವಿಚಾರವನ್ನೇ ಅವರು ಪ್ರಬಂಧಕ್ಕೆ ಆರಿಸಿಕೊಂಡರು.

ಈ ವಿಚಾರದಲ್ಲಿ ಎರಡು ಸಂಗತಿಗಳು ಅವರ ಮನಸ್ಸನ್ನು ಹಿಡಿದುವು. ನಮ್ಮ ಶರೀರವೆಲ್ಲವೂ ಜೀವಕಣಗಳೆಂಬ ಅತಿ ಸೂಕ್ಷ್ಮವಾದ ಭಾಗಗಳಿಂದ ಕಟ್ಟಲ್ಪಟ್ಟಿದೆಯಷ್ಟೆ. ಹಾಲು ಉಂಟಾಗುವ ಕಾಲದಲ್ಲಿ ಸ್ತನದ ನಾಳಗಳ ಒಳಮೈಯಲ್ಲಿರುವ ಜೀವಕಣಗಳು ಬಹುವಾಗಿ ವೃದ್ಧಿಯಾಗುತ್ತವೆ. ಅರ್ಬುದದಲ್ಲಿಯೂ ಅವೇ ಕಣಗಳು ವೃದ್ಧಿಯಾಗುತ್ತವೆ. ಭೇದವೇನೆಂದರೆ, ಮೊದಲನೆಯದರಲ್ಲಿ ವೃದ್ಧಿಯು ಮಿತಿಯಲ್ಲಿದ್ದು ಹಾಲಾಗಿ ಪರಿಣಮಿಸುತ್ತದೆ; ಎರಡನೆಯದರಲ್ಲಿ ಮಿತಿಯಿಲ್ಲದೆ ಬೆಳೆದು ನೆರೆಯ ಮಾಂಸವನ್ನು ಭೇದಿಸಿಕೊಂಡು ಹೋಗುತ್ತದೆ. ಇದು ಒಂದನೆಯ ಸಂಗತಿ. ಎರಡನೆಯದು ಗೊಲ್ಲರಿಂದ ಬಂದ ತಿಳಿವಳಿಕೆ. ಕೆಲವು ದೇಶಗಳಲ್ಲಿ ಹಸುವು ಕರು ಹಾಕಿದ ಮೇಲೆ ಅದರ ಅಂಡಾಶಯಗಳನ್ನು ತೆಗೆದುಬಿಟ್ಟರೆ ಅದು ಬಹುಕಾಲದ ವರೆಗೂ ಹಾಲು ಕರೆಯುತ್ತಿರುವುದೆಂದು ರೈತರು ಕಂಡುಕೊಂಡಿದ್ದರು. ಹೊಟ್ಟೆಯೊಳಗಿನ ಅಂಡಾಶಯವೆಲ್ಲಿ, ಕೆಚ್ಚಲೆಲ್ಲಿ! ಇವೆರಡಕ್ಕೂ ಏನು ಸಂಬಂಧ?

ಆಗಿನ ವಿದ್ವಾಂಸರ ಸಾಮಾನ್ಯವಾದ ಅಭಿಪ್ರಾಯದಲ್ಲಿ ದೇಹದ ಒಂದು ಅಂಗವು ಇನ್ನೊಂದು ಅಂಗವನ್ನು ಆಳುವುದಾದರೆ ಅದು ನರಗಳ ಮೂಲಕವೇ ಆಗಬೇಕು. ಬೀಟ್ಸನ್‌ರವರು ಎಷ್ಟು ಹುಡುಕಿದರೂ ಹಾಲಿನ ಉತ್ಪತ್ತಿಯನ್ನು ಆಳತಕ್ಕ ನರಗಳು ಕಾಣಲಿಲ್ಲ. ಮೊಲಗಳಲ್ಲಿಯೂ ಅವರು ಪರೀಕ್ಷೆಗಳನ್ನು ಮಾಡಿ ನೋಡಿದರು. ಕಡೆಗೆ ಅವರು ಬಂದ ನಿರ್ಣಯವು ಆ ಕಾಲಕ್ಕೆ ಹೊಸದಾದುದು: ಒಂದು ಅಂಗವು ನರದ ಸಹಾಯವಿಲ್ಲದೆಯೇ ದೂರದ ಮತ್ತೊಂದು ಅಂಗದ ಮೇಲೆ ಅಧಿಕಾರವನ್ನು ನಡೆಸಬಲ್ಲುದು, ಸ್ತನದ ಮೇಲೆ ಅಂಥ ಅಧಿಕಾರವು ಅಂಡಾಶಯಕ್ಕೆ ಇದೆ. ರಕ್ತದಲ್ಲಿ ಬೆರೆತು ಹೋಗಿ ದೂರದ ಅಂಗಗಳಿಗೆ ಆಜ್ಞೆಯನ್ನು ಮುಟ್ಟಿಸುವ ಇಂಥ ದ್ರವ್ಯಗಳಿಗೆ ಹಾರ್ಮೋನು ಎಂಬ ಹೆಸರು ಬಂದದ್ದು ೧೯೦೫ರಲ್ಲಿ, ಲಂಡನ್ನಿನ ಸ್ಟಾರ್ಲಿಂಗ್ ಎಂಬ ಪಂಡಿತರಿಂದ. ಬೀಟ್ಸನ್‌ರವರು ೧೮೭೮ರಲ್ಲಿ ಎಂ.ಡಿ. ಪದವಿಯನ್ನು ಪಡೆದಾಗ ಆ ಶಬ್ದವೇ ಹುಟ್ಟಿರಲಿಲ್ಲ.

ಪದವಿಯಾದ ಮೇಲೆ ಅವರು ಗ್ಲಾಸ್ಗೋ ನಗರಕ್ಕೆ ಬಂದು ನೆಲಸಿದರು. ಅದು ಹಡಗು ಕಟ್ಟುವ, ಕಬ್ಬಿಣ ಕರಗಿಸುವ, ಹೊಗೆ ತುಂಬಿದ ದೊಡ್ಡ ಊರು. ಬಡವರ ಕೇರಿಗಳು ಅಲ್ಲಿ ಬಹಳ. ವೆಸ್ಟರ್ನ್ ಇನ್‌ಫರ್ಮರಿ ಎಂಬ ದೊಡ್ಡ ಆಸ್ಪತ್ರೆಯಲ್ಲಿ ಅವರು ಶಸ್ತ್ರವೈದ್ಯರ ವರ್ಗದಲ್ಲಿ ಸೇರಿ ಹೆಸರನ್ನು ಪಡೆದರು. ೧೮೯೦ರ ದಶಕದಲ್ಲಿ ಗ್ಲಾಸ್ಗೋ ಕ್ಯಾನ್ಸರ್ ಆಸ್ಪತ್ರೆಯ ಶಸ್ತ್ರವೈದ್ಯರಾಗಿ, ಮುಂದೆ ಆ ಸಂಸ್ಥೆಗೆ ಬೆನ್ನೆಲುಬಾಗಿ ನಿಂತರು. ಕುರಿಗಳ ನಡುವೆ ಹುಟ್ಟಿದ ಆಲೋಚನೆಯು ಇಷ್ಟು ಕಾಲವೂ ಅವರ ಮನಸ್ಸಿನ ಮೂಲೆಯಲ್ಲಿ ಬಿತ್ತಿದ ಬೀಜದಂತೆ ಮಲಗಿತ್ತು. ಈ ಮೌನವನ್ನು ನಾವು ಅಲಕ್ಷ್ಯವೆಂದು ಎಣಿಸಲಾಗದು. ಪ್ರಾಣಿಯಲ್ಲಿ ಕಂಡ ಸಂಗತಿಯನ್ನು ಮನುಷ್ಯರ ಮೇಲೆ ಪ್ರಯೋಗಿಸಲು ಸಾಕಷ್ಟು ಕಾರಣವೂ, ತಕ್ಕ ಸಂದರ್ಭವೂ, ಎಲ್ಲಕ್ಕಿಂತ ಮೇಲಾಗಿ ರೋಗಿಯ ಒಪ್ಪಿಗೆಯೂ ಬೇಕೆಂಬುದನ್ನು ಅವರು ಬಲ್ಲವರಾಗಿದ್ದರು.

ಆ ಕಾಲದಲ್ಲಿ ಸ್ತನದ ಅರ್ಬುದಕ್ಕೆ ಇದ್ದ ಚಿಕಿತ್ಸೆಯು ಶಸ್ತ್ರವೊಂದೇ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಹಾಲ್‌ಸ್ಟೆಡ್‌ರವರು ಸ್ತನವನ್ನೂ, ಅದರ ಕೆಳಗಿನ ಮಾಂಸಖಂಡಗಳನ್ನೂ, ಕಂಕುಳಿನ ಗ್ರಂಥಿಗಳನ್ನೂ ಒಟ್ಟಾಗಿ ತೆಗೆಯುವ ಉಗ್ರವಾದ ಕ್ರಮವನ್ನು ಪ್ರಚಾರಕ್ಕೆ ತಂದಿದ್ದರು. ರೋಗವು ಇನ್ನೂ ಎದೆಯಲ್ಲಿಯೇ ಇದ್ದವರಿಗೆ ಅದರಿಂದ ಪ್ರಯೋಜನವಿತ್ತು. ಆದರೆ ರೋಗವು ಎದೆಯ ಗೋಡೆಗೆ ಅಂಟಿ ಹಬ್ಬಿದ್ದರೆ, ಇಲ್ಲವೆ ಶಸ್ತ್ರಕ್ರಿಯೆಯಾದ ಮೇಲೆ ಗಾಯದ ಕಲೆಯಲ್ಲಿಯೇ ಮರಳಿ ತಲೆಯೆತ್ತಿದರೆ, ಕತ್ತಿಗೆ ಅಲ್ಲಿ ಕೆಲಸವಿರಲಿಲ್ಲ. ನೋವಿಗೆ ಅಫೀಮಿನ ಔಷಧ, ಹುಣ್ಣಿಗೆ ಪಟ್ಟಿ, ಉಳಿದದ್ದು ಕಾಯುವುದು. ಅರ್ಬುದವು ಯಾವುದೋ ಪರೋಪಜೀವಿಯಿಂದ ಉಂಟಾಗುವುದೆಂದು ಅನೇಕರು ನಂಬಿ ಅದನ್ನು ಹುಡುಕುತ್ತಿದ್ದರು. ಬೀಟ್ಸನ್‌ರವರಿಗೆ ಈ ವಾದವು ಸಮ್ಮತವಾಗಿರಲಿಲ್ಲ. ಶತ್ರುವು ಹೊರಗಿನಿಂದ ಬಂದವನಲ್ಲ, ಒಳಗಿನ ಆಡಳಿತವೇ ಕೆಟ್ಟಿದೆಯೆಂಬುದು ಅವರ ಅಭಿಮತ.

ಹೀಗಿರಲು ೧೮೯೫ನೆಯ ಇಸವಿ ಮೇ ತಿಂಗಳಲ್ಲಿ ಮೂವತ್ತಮೂರು ವರ್ಷ ವಯಸ್ಸಿನ ಒಬ್ಬ ಹೆಂಗಸು ಅವರ ಬಳಿಗೆ ಬಂದಳು. ಅವಳು ಗೃಹಿಣಿ, ಎರಡು ಮಕ್ಕಳ ತಾಯಿ. ಅವಳ ಎಡಸ್ತನವನ್ನು ಮೊದಲೇ ತೆಗೆದಿದ್ದರು. ಆದರೂ ರೋಗವು ಅದೇ ಸ್ಥಳದಲ್ಲಿ ಮರಳಿ ಬಂದು ಎದೆಯ ಗೋಡೆಯನ್ನು ಹಿಡಿದಿತ್ತು. ಪುನಃ ಶಸ್ತ್ರಕ್ರಿಯೆಯನ್ನು ಮಾಡುವಂತಿರಲಿಲ್ಲ. ಬೀಟ್ಸನ್‌ರವರು ಮೊದಲು ಸುಮಾರು ಒಂದು ತಿಂಗಳ ಕಾಲ ಥೈರಾಯ್ಡ್ ಗ್ರಂಥಿಯಿಂದ ಮಾಡಿದ ಗುಳಿಗೆಗಳನ್ನು ಕೊಟ್ಟು ನೋಡಿದರು. ಗಣ್ಯವಾದ ಫಲವೇನೂ ಕಾಣಲಿಲ್ಲ.

ಆ ಮೇಲೆ ಅವರು ಮಾಡಿದ ಕಾರ್ಯದಲ್ಲಿ ಅವರ ಶೀಲವು ಚೆನ್ನಾಗಿ ತೋರುತ್ತದೆ. ಅವರು ಆ ಹೆಂಗಸನ್ನೂ ಅವಳ ಗಂಡನನ್ನೂ ಜೊತೆಯಲ್ಲಿ ಕೂರಿಸಿಕೊಂಡು, ರೋಗವು ಸಾಮಾನ್ಯವಾದ ಶಸ್ತ್ರಚಿಕಿತ್ಸೆಗೆ ಮೀರಿದೆಯೆಂಬುದನ್ನು ಮರೆಮಾಚದೆ ತಿಳಿಸಿದರು. ತಮ್ಮ ಮನಸ್ಸಿನಲ್ಲಿರುವ ಹೊಸ ಉಪಾಯವೇನು, ಅದಕ್ಕೆ ಆಧಾರವೇನು ಎಂಬುದನ್ನೂ ವಿವರಿಸಿ, ಇದು ಕೇವಲ ಪ್ರಯೋಗವೆಂದೂ, ಗುಣವಾಗುವುದೆಂದು ತಾವು ಮಾತು ಕೊಡಲಾರೆವೆಂದೂ ಹೇಳಿದರು. ವೈದ್ಯನು ಹೇಳಿದ್ದನ್ನು ರೋಗಿಯು ತಲೆಬಾಗಿ ಕೇಳುವುದೇ ಕ್ರಮವಾಗಿದ್ದ ಆ ಕಾಲದಲ್ಲಿ, ಧನವಾಗಲಿ ಪದವಿಯಾಗಲಿ ಇಲ್ಲದ ದಂಪತಿಗಳಿಗೆ ಇಷ್ಟು ವಿವರವಾಗಿ ನಿಜವನ್ನು ತಿಳಿಸಿದ್ದು ಸಾಮಾನ್ಯವಲ್ಲ. ಅವರಿಬ್ಬರೂ ಒಪ್ಪಿದರು. ಆ ಹೆಂಗಸಿನ ಹೆಸರನ್ನು ನಾವು ಇಲ್ಲಿ ಬರೆಯುವುದಿಲ್ಲ. ಆದರೂ ಈ ಚರಿತ್ರೆಯಲ್ಲಿ ವೈದ್ಯರಿಗೆ ಸಲ್ಲತಕ್ಕ ಗೌರವದಲ್ಲಿ ಅವಳಿಗೂ ಪಾಲುಂಟೆಂಬುದನ್ನು ವಾಚಕರು ಮರೆಯಲಾಗದು. ಶಸ್ತ್ರವನ್ನು ಹಿಡಿದವರ ಧೈರ್ಯಕ್ಕಿಂತ, ನಿಜವನ್ನು ಕೇಳಿದ ಬಳಿಕವೂ ಮೇಜಿನ ಮೇಲೆ ಮಲಗಿದವಳ ಧೈರ್ಯವು ಕಡಿಮೆಯಾದುದಲ್ಲ.

೧೮೯೫ನೆಯ ಇಸವಿ ಜೂನ್ ತಿಂಗಳ ೧೫ನೆಯ ತಾರೀಖಿನ ದಿನ ಬೀಟ್ಸನ್‌ರವರು ಅವಳ ಎರಡು ಅಂಡಾಶಯಗಳನ್ನೂ ತೆಗೆದರು. ಎದೆಯ ಗಂಟನ್ನು ಮುಟ್ಟಲೇ ಇಲ್ಲ. ಐದು ವಾರಗಳಾಗುವಷ್ಟರಲ್ಲಿ ಗಂಟಿನ ರಕ್ತದ ಕೆಂಪು ಇಳಿದು, ಅದು ತಗ್ಗಿ ಚಪ್ಪಟೆಯಾಗತೊಡಗಿತು. ತಿಂಗಳು ತಿಂಗಳಿಗೂ ಅದು ಕುಗ್ಗುತ್ತ ಬಂದು, ಎಂಟು ತಿಂಗಳ ಹೊತ್ತಿಗೆ ರೋಗದ ಗುರುತೇ ಕಣ್ಣಿಗೆ ಕಾಣದಂತಾಯಿತು. ಹೊಟ್ಟೆಯಲ್ಲಿ ಮಾಡಿದ ಶಸ್ತ್ರಕ್ರಿಯೆಯಿಂದ ಎದೆಯ ಮೇಲಿನ ಅರ್ಬುದವು ಕರಗಿಹೋದದ್ದನ್ನು ವೈದ್ಯಲೋಕವು ಅದಕ್ಕೆ ಮೊದಲು ಕಂಡಿರಲಿಲ್ಲ.

೧೮೯೬ನೆಯ ಇಸವಿ ಮೇ ತಿಂಗಳಲ್ಲಿ ಬೀಟ್ಸನ್‌ರವರು ಈ ವಿಷಯವನ್ನು ಎಡಿನ್‌ಬರೋ ನಗರದ ವೈದ್ಯರ ಸಂಘದ ಮುಂದೆ ಇಟ್ಟರು. ಅದೇ ಜುಲೈ ತಿಂಗಳಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯ ಎರಡು ಸಂಚಿಕೆಗಳಲ್ಲಿ ಅವರ ಲೇಖನವು ಪ್ರಕಟವಾಯಿತು. ಲೇಖನದ ತಲೆಬರಹದಲ್ಲಿಯೇ ಅವರು ತಮ್ಮ ಮಾತನ್ನು ಹೊಸ ಚಿಕಿತ್ಸೆಯ ಬಗ್ಗೆ ಸೂಚನೆಗಳೆಂದು ಕರೆದುಕೊಂಡರೇ ಹೊರತು, ಅರ್ಬುದವನ್ನು ಜಯಿಸಿದೆನೆಂದು ಸಾರಲಿಲ್ಲ. ಮೊದಲನೆಯ ರೋಗಿಯಲ್ಲಿ ಕಂಡಂಥ ಪೂರ್ಣಫಲವು ಬೇರೆಯವರಲ್ಲಿ ದೊರೆಯದೆ ಹೋದುದನ್ನೂ ಅವರು ಮುಚ್ಚಿಡಲಿಲ್ಲ. ಜರ್ಮನಿಯ ಫ್ರೈಬುರ್ಗ್ ನಗರದ ಷಿಂಟ್ಸಿಂಗರ್ ಎಂಬ ಶಸ್ತ್ರವೈದ್ಯರು ಇಂಥ ಉಪಾಯವನ್ನು ೧೮೮೯ರಲ್ಲಿಯೇ ಸೂಚಿಸಿದ್ದರೆಂಬುದನ್ನೂ ಇಲ್ಲಿ ಹೇಳುವುದು ನ್ಯಾಯ. ಆದರೆ ಅದನ್ನು ಕಾರ್ಯಕ್ಕೆ ತಂದು, ಫಲವನ್ನು ಲೋಕದ ಮುಂದಿಟ್ಟವರು ಬೀಟ್ಸನ್‌ರವರು.

ಲೇಖನವು ಪ್ರಕಟವಾದ ಬಳಿಕ ಇತರ ವೈದ್ಯರೂ ಈ ಶಸ್ತ್ರಕ್ರಿಯೆಯನ್ನು ಮಾಡಿ ನೋಡಿದರು. ೧೯೦೦ರಲ್ಲಿ ಲಂಡನ್ನಿನ ಸ್ಟ್ಯಾನ್ಲಿ ಬಾಯ್ಡ್‌ರವರು ಅಂದಿನ ವರೆಗಿನ ರೋಗಿಗಳ ವೃತ್ತಾಂತಗಳನ್ನು ಕೂಡಿಸಿ ನೋಡಲಾಗಿ, ಸುಮಾರು ಮೂರರಲ್ಲೊಬ್ಬಳಿಗೆ ಸ್ಪಷ್ಟವಾದ ಪ್ರಯೋಜನವಾಗಿದ್ದುದು ಕಂಡುಬಂದಿತು. ೧೯೦೫ರಲ್ಲಿ ಹ್ಯೂ ಲೆಟ್‌ರವರು ೯೯ ಮಂದಿ ರೋಗಿಗಳ ಲೆಕ್ಕವನ್ನು ಪ್ರಕಟಿಸಿದರು. ಅದರಲ್ಲಿಯೂ ನೂರಕ್ಕೆ ೩೬ರಷ್ಟು ಮಂದಿಗೆ ಮಾತ್ರ ಗುಣ ಕಂಡಿತ್ತು. ಉಳಿದವರಿಗೆ ಏಕೆ ಆಗಲಿಲ್ಲವೆಂಬುದಕ್ಕೆ ಉತ್ತರವನ್ನು ಹೇಳಬಲ್ಲವರು ಯಾರೂ ಇರಲಿಲ್ಲ. ಯಾವ ರೋಗಿಗೆ ಫಲಿಸುವುದೆಂದು ಮುಂದಾಗಿ ತಿಳಿಯುವ ಮಾರ್ಗವೂ ಇರಲಿಲ್ಲ. ಫಲಿಸಿದವರಲ್ಲಿಯೂ ರೋಗವು ಕೆಲವು ತಿಂಗಳೋ ವರ್ಷಗಳೋ ಅಡಗಿದ್ದು ಮರಳಿ ಬರುತ್ತಿತ್ತು. ಬೀಟ್ಸನ್‌ರವರ ಮೊದಲನೆಯ ರೋಗಿಯೂ ಶಸ್ತ್ರಕ್ರಿಯೆಯ ತರುವಾಯ ಸುಮಾರು ನಾಲ್ಕು ವರ್ಷ ಬದುಕಿ ತೀರಿಕೊಂಡಳು. ಇಬ್ಬರು ಎಳೆಯ ಮಕ್ಕಳಿದ್ದ ತಾಯಿಗೆ ಆ ನಾಲ್ಕು ವರ್ಷಗಳ ಬೆಲೆಯೆಷ್ಟೆಂಬುದನ್ನು ನಮ್ಮ ವಾಚಕಿಯರಿಗೆ ನಾವು ಹೇಳಬೇಕಾದುದಿಲ್ಲ. ಆದರೂ ವೈದ್ಯರ ದೃಷ್ಟಿಯಲ್ಲಿ ಇದು ಸೋಲಿನಂತೆಯೇ ಕಂಡಿತು. ಹೊಟ್ಟೆಯನ್ನು ತೆರೆಯುವುದರಲ್ಲಿ ಆಗ ಪ್ರಾಣಭಯವೂ ಪೂರ್ಣವಾಗಿ ಹೋಗಿರಲಿಲ್ಲ. ಹೀಗಾಗಿ ಕ್ರಮೇಣ ಈ ಚಿಕಿತ್ಸೆಯು ಹಿಂದೆ ಬಿದ್ದಿತು.

ತಾನು ಕಂಡುಹಿಡಿದ ಉಪಾಯವು ತನ್ನ ಕಣ್ಣೆದುರಿಗೇ ಬಳಕೆ ತಪ್ಪಿದರೆ ಅನೇಕರು ಕಹಿಗೊಂಡು ಜಗಳಕ್ಕೆ ನಿಲ್ಲುವರು. ಬೀಟ್ಸನ್‌ರವರು ತಮ್ಮ ಶಕ್ತಿಯನ್ನು ಆಸ್ಪತ್ರೆಗೂ ಜನಸೇವೆಗೂ ತಿರುಗಿಸಿದರು. ಗ್ಲಾಸ್ಗೋ ಕ್ಯಾನ್ಸರ್ ಆಸ್ಪತ್ರೆಯು ಅವರ ಆಶ್ರಯದಲ್ಲಿ ಬೆಳೆದು, ರಾಯಲ್ ಎಂಬ ಬಿರುದನ್ನೂ ಪಡೆಯಿತು. ಅಪಘಾತದಲ್ಲಿ ಗಾಯಗೊಂಡವರಿಗೆ ವೈದ್ಯನು ಬರುವುದಕ್ಕೆ ಮೊದಲೇ ಸಾಮಾನ್ಯ ಜನರು ಹೇಗೆ ಸಹಾಯಮಾಡಬೇಕೆಂಬುದನ್ನು ಕಲಿಸಲು ೧೮೮೨ರಲ್ಲಿ ಗ್ಲಾಸ್ಗೋ ನಗರದಲ್ಲಿ ಸ್ಥಾಪಿತವಾದ ಸೇಂಟ್ ಆಂಡ್ರೂಸ್ ಆಂಬ್ಯುಲೆನ್ಸ್ ಸಂಘಕ್ಕೆ ಅವರು ಬಹುಕಾಲ ದುಡಿದರು. ೧೯೦೭ರಲ್ಲಿ ಸರ್ಕಾರವು ಅವರಿಗೆ ಸರ್ ಪದವಿಯನ್ನಿತ್ತು ಗೌರವಿಸಿತು. ೧೯೧೪ರಿಂದ ೧೯೧೮ರ ವರೆಗೆ ನಡೆದ ಮಹಾಯುದ್ಧದಲ್ಲಿ ಸ್ಕಾಟ್ಲೆಂಡಿನ ರೆಡ್‌ಕ್ರಾಸ್ ಕಾರ್ಯದ ಮುಂದಾಳುಗಳಲ್ಲಿ ಒಬ್ಬರಾಗಿ, ಗಾಯಾಳುಗಳ ಶುಶ್ರೂಷೆಗೆ ಬೇಕಾದ ಏರ್ಪಾಡುಗಳನ್ನು ನಡೆಸಿದರು. ಹೀಗೆ ತುಂಬು ಬಾಳನ್ನು ಬಾಳಿ, ೧೯೩೩ನೆಯ ಇಸವಿ ಫೆಬ್ರವರಿ ತಿಂಗಳಲ್ಲಿ, ೮೪ ವರ್ಷ ವಯಸ್ಸಿನಲ್ಲಿ ಅವರು ದೇಹವನ್ನು ಬಿಟ್ಟರು.

ಸಾಮಾನ್ಯವಾಗಿ ಒಬ್ಬರ ಚರಿತ್ರೆಯು ಮರಣದೊಡನೆ ಮುಗಿಯುತ್ತದೆ. ಆದರೆ ಸಂಶೋಧಕನ ಚರಿತ್ರೆಯು ಹಾಗಲ್ಲ. ಅವನು ಎತ್ತಿದ ಪ್ರಶ್ನೆಗೆ ಉತ್ತರವು ದೊರೆಯುವ ತನಕ ಅದು ಮುಂದುವರಿಯುತ್ತಲೇ ಇರುತ್ತದೆ. ಆದುದರಿಂದ ಬೀಟ್ಸನ್‌ರವರು ಬಿಟ್ಟುಹೋದ ಪ್ರಶ್ನೆಯು ಏನಾಯಿತೆಂಬುದನ್ನೂ ನಾವು ಇಲ್ಲಿ ಸಂಗ್ರಹವಾಗಿ ಹೇಳಬೇಕು.

ಅಂಡಾಶಯದಿಂದ ಹೊರಡುವ ದ್ರವ್ಯವೊಂದಿದೆಯೆಂಬುದನ್ನು ೧೯೨೩ರಲ್ಲಿ ಅಮೆರಿಕದ ಎಡ್ಗರ್ ಆಲೆನ್ ಮತ್ತು ಎಡ್ವರ್ಡ್ ಡಾಯ್ಸಿ ಎಂಬಿಬ್ಬರು ಪ್ರಯೋಗಗಳಿಂದ ಸಿದ್ಧಪಡಿಸಿದರು. ೧೯೨೯ರಲ್ಲಿ ಆ ವರ್ಗದ ಒಂದು ದ್ರವ್ಯವನ್ನು ಶುದ್ಧರೂಪದಲ್ಲಿ ಬೇರ್ಪಡಿಸಲಾಯಿತು. ಇವುಗಳಿಗೆ ಈಸ್ಟ್ರೊಜನ್ ಎಂದು ಹೆಸರು. ೧೯೩೨ರಲ್ಲಿ ಪ್ಯಾರಿಸ್ಸಿನ ಲಕಸಾಞ್ ಎಂಬ ವಿಜ್ಞಾನಿಯು ಈ ದ್ರವ್ಯವನ್ನು ಗಂಡಿಲಿಗಳಿಗೆ ಚುಚ್ಚಿದಾಗ ಅವುಗಳಲ್ಲಿಯೂ ಸ್ತನದ ಅರ್ಬುದವು ಉಂಟಾಯಿತು. ೧೯೪೧ರಲ್ಲಿ ಷಿಕಾಗೋ ನಗರದ ಚಾರ್ಲ್ಸ್ ಹಗ್ಗಿನ್ಸ್‌ರವರು ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಅರ್ಬುದವೂ ಹಾರ್ಮೋನಿನ ಹಿಡಿತದಲ್ಲಿರುವುದನ್ನು ತೋರಿಸಿ, ೧೯೬೬ರಲ್ಲಿ ನೊಬೆಲ್ ಬಹುಮಾನವನ್ನು ಪಡೆದರು. ಅಂಗದಿಂದ ಅಂಗಕ್ಕೆ ಆಜ್ಞೆಯು ಹೋಗುವುದೆಂಬ ಬೀಟ್ಸನ್‌ರವರ ಊಹೆಯು ಹೀಗೆ ಸ್ಥಿರವಾಯಿತು.

ಮೂವರಲ್ಲೊಬ್ಬಳಿಗೆ ಮಾತ್ರ ಗುಣವಾಗುವುದೇಕೆಂಬ ಒಗಟನ್ನು ಬಿಡಿಸಿದವರು ಅದೇ ಷಿಕಾಗೋ ನಗರದ ಎಲ್ವುಡ್ ಜೆನ್ಸನ್‌ರವರು. ೧೯೫೦ರ ದಶಕದ ಕೊನೆಯಲ್ಲಿ ಪ್ರಾರಂಭಿಸಿದ ಪ್ರಯೋಗಗಳಿಂದ ಅವರು ಕಂಡುಕೊಂಡದ್ದೇನೆಂದರೆ, ಈಸ್ಟ್ರೊಜನ್ನನ್ನು ಹಿಡಿದುಕೊಳ್ಳತಕ್ಕ ಗ್ರಾಹಕವೆಂಬ ವಸ್ತುವು ಕೆಲವು ಜೀವಕಣಗಳಲ್ಲಿ ಇರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ. ಬೀಗವಿದ್ದ ಬಾಗಿಲಿಗೆ ಮಾತ್ರ ಕೀಲಿಕೈಯಿಂದ ಪ್ರಯೋಜನವಷ್ಟೆ. ಗ್ರಾಹಕವಿರುವ ಅರ್ಬುದವು ಈಸ್ಟ್ರೊಜನ್ನಿನಿಂದ ಪೋಷಿತವಾಗುತ್ತದೆ. ಅದು ತಪ್ಪಿದರೆ ಸೊರಗುತ್ತದೆ. ಗ್ರಾಹಕವಿಲ್ಲದ ಅರ್ಬುದಕ್ಕೆ ಅಂಡಾಶಯವು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬೀಟ್ಸನ್‌ರವರ ಮೊದಲನೆಯ ರೋಗಿಯ ಗಂಟು ಬಹುಶಃ ಗ್ರಾಹಕವುಳ್ಳದ್ದಾಗಿರಬೇಕು. ಈಗ ಗಂಟಿನ ಚೂರನ್ನು ಪರೀಕ್ಷಿಸಿ, ಯಾರಿಗೆ ಈ ಚಿಕಿತ್ಸೆಯು ಫಲಿಸಬಹುದೆಂಬುದನ್ನು ಮೊದಲೇ ತಿಳಿಯುತ್ತಾರೆ.

ಮುಂದಿನ ಹೆಜ್ಜೆಯಲ್ಲಿ ಇಬ್ಬರು ಸ್ತ್ರೀಯರ ಪಾಲಿರುವುದನ್ನು ಬಾಲಿಕೆಯರ ಶಾಲೆಯ ಈ ಸಂಚಿಕೆಯಲ್ಲಿ ಹೇಳಲು ನಮಗೆ ಸಂತೋಷವಾಗುತ್ತದೆ. ಇಂಗ್ಲೆಂಡಿನ ಚೆಷೈರ್ ಪ್ರಾಂತದ ಔಷಧ ಸಂಶೋಧನಾಲಯವೊಂದರಲ್ಲಿ ಆರ್ಥರ್ ವಾಲ್ಪೋಲ್‌ರವರ ತಂಡದಲ್ಲಿದ್ದ ಡೋರಾ ರಿಚರ್ಡ್‌ಸನ್ ಎಂಬ ರಸಾಯನಶಾಸ್ತ್ರಜ್ಞೆಯು ೧೯೬೨ರಲ್ಲಿ ಒಂದು ಹೊಸ ದ್ರವ್ಯವನ್ನು ತಯಾರಿಸಿದರು. ಗರ್ಭನಿರೋಧದ ಗುಳಿಗೆಯಾಗಬಹುದೆಂಬ ಆಶೆಯಿಂದ ನಡೆದಿದ್ದ ಕೆಲಸವದು. ಆ ಆಶೆಯು ಕೈಗೂಡಲಿಲ್ಲ. ಆದರೆ ಅದು ಸ್ತನದ ಜೀವಕಣಗಳಲ್ಲಿ ಈಸ್ಟ್ರೊಜನ್ ಸೇರಬೇಕಾದ ಸ್ಥಳವನ್ನು ತಾನು ಆಕ್ರಮಿಸಿಕೊಂಡು, ಈಸ್ಟ್ರೊಜನ್ನಿಗೆ ಎಡೆಗೊಡದಂತೆ ಮಾಡುತ್ತಿತ್ತು. ಮ್ಯಾಂಚೆಸ್ಟರ್ ನಗರದ ಕ್ರಿಸ್ಟಿ ಆಸ್ಪತ್ರೆಯಲ್ಲಿ ಮೇರಿ ಕೋಲ್ ಎಂಬ ವೈದ್ಯೆಯು ಸಹೋದ್ಯೋಗಿಗಳೊಡನೆ ಇದನ್ನು ರೋಗವು ಬಲಿತಿದ್ದ ೪೬ ಮಂದಿ ಸ್ತ್ರೀಯರಿಗೆ ಕೊಟ್ಟು ನೋಡಿ, ೧೦ ಮಂದಿಗೆ ಒಳ್ಳೆಯ ಗುಣ ಕಂಡಿತೆಂದು ೧೯೭೧ರಲ್ಲಿ ಪ್ರಕಟಿಸಿದರು. ಅದೇ ಟಮಾಕ್ಸಿಫೆನ್ ಎಂಬ ಗುಳಿಗೆ. ಬೀಟ್ಸನ್‌ರವರು ಕತ್ತಿಯಿಂದ ಮಾಡಿದ ಕೆಲಸವು ಬಹುಮಟ್ಟಿಗೆ ಒಂದು ಗುಳಿಗೆಯಿಂದ ಸಾಧ್ಯವಾಯಿತು.

ಸ್ತನದ ಅರ್ಬುದಗಳಲ್ಲಿ ನೂರಕ್ಕೆ ಸುಮಾರು ೭೦ರಷ್ಟು ಹಾರ್ಮೋನಿನ ಗ್ರಾಹಕವುಳ್ಳವೆಂದು ಈಗ ತಿಳಿದಿದೆ. ಇಂಥ ರೋಗಿಗಳಲ್ಲಿ ರೋಗವನ್ನು ಮೊದಲಲ್ಲೇ ಕಂಡು ಶಸ್ತ್ರಕ್ರಿಯೆ ಮಾಡಿದ ಬಳಿಕ ಐದು ವರ್ಷ ಟಮಾಕ್ಸಿಫೆನ್ ಕೊಟ್ಟರೆ, ರೋಗವು ಮರುಕಳಿಸುವ ಸಂಭವವು ಸುಮಾರು ಅರ್ಧಕ್ಕೆ ಇಳಿಯುವುದೆಂದು ಸಾವಿರಾರು ಸ್ತ್ರೀಯರ ವೃತ್ತಾಂತಗಳನ್ನು ಕೂಡಿಸಿ ೧೯೯೮ರಲ್ಲಿ ಪ್ರಕಟಿಸಿದ ಲೆಕ್ಕದಿಂದ ಸ್ಪಷ್ಟವಾಯಿತು. ದೇಹದಲ್ಲಿ ಈಸ್ಟ್ರೊಜನ್ ಉತ್ಪತ್ತಿಯಾಗದಂತೆ ತಡೆಯುವ ಔಷಧಗಳೂ, ಅಂಡಾಶಯವನ್ನು ತೆಗೆಯದೆಯೇ ಅದನ್ನು ಸುಮ್ಮನಿರಿಸುವ ಚುಚ್ಚುಮದ್ದುಗಳೂ ಬಂದಿವೆ. ರೋಗವು ದೇಹದಲ್ಲೆಲ್ಲ ಹಬ್ಬಿದವರಿಗೂ ಹಾರ್ಮೋನು ಚಿಕಿತ್ಸೆಯೊಡನೆ ಜೀವಕಣಗಳ ವಿಭಜನೆಯನ್ನು ತಡೆಯುವ ಗುಳಿಗೆಗಳನ್ನು ೨೦೧೫ರಿಂದೀಚೆಗೆ ಕೊಡುತ್ತಿದ್ದಾರೆ. ಇವುಗಳಿಂದ ಹಬ್ಬಿದ ರೋಗವು ಬೇರುಸಹಿತ ಹೋಗುವುದೆಂದು ಹೇಳಲಾಗದು. ಆದರೆ ತಿಂಗಳುಗಳಲ್ಲಿ ಎಣಿಸಬೇಕಾಗಿದ್ದ ಆಯುಸ್ಸನ್ನು ಅನೇಕರು ಈಗ ವರ್ಷಗಳಲ್ಲಿ ಎಣಿಸುತ್ತಿದ್ದಾರೆ. ಗ್ಲಾಸ್ಗೋ ನಗರದ ದೊಡ್ಡ ಕ್ಯಾನ್ಸರ್ ಚಿಕಿತ್ಸಾಲಯವು ಬೀಟ್ಸನ್‌ರವರ ಹೆಸರನ್ನೇ ಹೊತ್ತಿದೆ.

ಬೀಟ್ಸನ್‌ರವರು ಎಲ್ಲವನ್ನೂ ಸರಿಯಾಗಿ ಊಹಿಸಿದ್ದರೆಂದು ನಾವು ಹೇಳುವುದಿಲ್ಲ. ಅಂಡಾಶಯವನ್ನು ತೆಗೆದರೆ ಹಸುವಿನಲ್ಲಿ ಹಾಲು ಮುಂದುವರಿಯುವಂತೆ, ಅರ್ಬುದದ ಕಣಗಳೂ ಹಾಲಿನ ಕಣಗಳ ಹಾಗೆ ಕೊಬ್ಬಾಗಿ ಮಾರ್ಪಟ್ಟು ನಾಶವಾಗುವುವೆಂದು ಅವರು ತರ್ಕಿಸಿದ್ದರು. ನಿಜವಾದ ಕಾರಣವು ಅದಲ್ಲ. ಕಣಗಳಿಗೆ ಪೋಷಣೆಯು ತಪ್ಪಿದ್ದೇ ಕಾರಣ. ತರ್ಕದ ಒಂದು ಕೊಂಡಿಯು ಸಡಿಲವಾಗಿದ್ದರೂ, ಕಂಡದ್ದನ್ನು ಕಂಡಷ್ಟೇ ಹೇಳಿದುದರಿಂದ ಅವರ ಮಾತು ಉಳಿಯಿತು. ಗುಣವಾದವಳೊಬ್ಬಳನ್ನು ಮುಂದಿಟ್ಟುಕೊಂಡು, ಗುಣವಾಗದವರನ್ನು ಮರೆಮಾಡಿ ಅವರು ಕೀರ್ತಿಯನ್ನು ಸಂಪಾದಿಸಿದ್ದರೆ, ಆಮೇಲೆ ಬಂದವರು ಆ ಲೇಖನವನ್ನು ನಂಬಿ ಮೋಸಹೋಗಿ, ಅದನ್ನು ಕಸದ ಬುಟ್ಟಿಗೆ ಹಾಕುತ್ತಿದ್ದರು. ಫಲಿಸದವರನ್ನೂ ಲೆಕ್ಕಕ್ಕೆ ಹಿಡಿದುದರಿಂದ ಫಲಿಸದಿರುವುದೇಕೆಂಬ ಪ್ರಶ್ನೆಯು ಜೀವಂತವಾಗಿ ಉಳಿದು, ಅರುವತ್ತು ವರ್ಷಗಳ ಮೇಲೆ ಉತ್ತರವನ್ನು ಪಡೆಯಿತು.

ಪ್ರಿಯ ವಾಚಕಿಯರೇ, ಈ ಚರಿತ್ರೆಯಿಂದ ನಾವು ಕಲಿಯಬೇಕಾದ ಪಾಠವು ಒಂದೇ. ಆ ವೈದ್ಯರು ನಿಜವನ್ನು ಮುಚ್ಚಿಡಲಿಲ್ಲ; ಆ ತಾಯಿಯೂ ತನ್ನ ರೋಗವನ್ನು ಮುಚ್ಚಿಡದೆ ಗಂಡನೊಡನೆ ಬಂದು ಕುಳಿತು ನಿಜವನ್ನು ಕೇಳಿದಳು. ಈ ಎರಡೂ ಕೂಡಿದಲ್ಲಿಯೇ ಮುಂದಿನ ಲಕ್ಷಾಂತರ ಸ್ತ್ರೀಯರ ಪ್ರಾಣರಕ್ಷಣೆಗೆ ಆರಂಭವಾಯಿತು. ಅವಳ ಕಾಲದಲ್ಲಿ ಇರದಿದ್ದ ಸಾಧನಗಳು ನಮಗೆ ಇವೆ. ನಮ್ಮ ನಾಡಿನಲ್ಲಿಯೂ ೧೯೭೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಸಂಸ್ಥೆಯೇ ಮೊದಲಾದ ಕ್ಯಾನ್ಸರ್ ಆಸ್ಪತ್ರೆಗಳಿವೆ. ಟಮಾಕ್ಸಿಫೆನ್ ಗುಳಿಗೆಯು ಭಾರತದ ಅಗತ್ಯ ಔಷಧಗಳ ಪಟ್ಟಿಯಲ್ಲಿ ಸೇರಿದೆ. ಎದೆಯಲ್ಲಿ ಕಾಣಿಸಿಕೊಳ್ಳುವ ಗಂಟುಗಳಲ್ಲಿ ಹೆಚ್ಚಿನವು ಅರ್ಬುದವೇ ಅಲ್ಲವೆಂದು ವೈದ್ಯರು ಹೇಳುತ್ತಾರೆ. ಅಲ್ಲವಾದರೆ ಒಂದು ದಿನದ ಪರೀಕ್ಷೆಯಿಂದ ಮನಸ್ಸಿನ ಭಾರವು ಇಳಿಯುತ್ತದೆ. ಹೌದಾದರೆ ಬೇಗನೆ ತಿಳಿದಷ್ಟೂ ಒಳಿತು. ಇಷ್ಟಿದ್ದೂ ಲಜ್ಜೆಯೊಂದರ ದೆಸೆಯಿಂದ ಕಾಲವು ಮೀರಿಹೋಗುವುದಾದರೆ ಅದಕ್ಕಿಂತ ದೊಡ್ಡ ನಷ್ಟವುಂಟೇ?

ಈ ಶಾಲೆಯಲ್ಲಿ ನಾವು ಓದುಬರಹವನ್ನು ಕಲಿತೆವು, ಒಬ್ಬರೊಡನೊಬ್ಬರು ಮನಬಿಚ್ಚಿ ಮಾತಾಡುವುದನ್ನೂ ಕಲಿತೆವು. ತಾಯಂದಿರು ಹೆಣ್ಣುಮಕ್ಕಳಿಗೂ, ಹೆಣ್ಣುಮಕ್ಕಳು ತಾಯಂದಿರಿಗೂ, ಗಂಡಂದಿರು ಹೆಂಡಂದಿರಿಗೂ ಈ ಒಂದು ವಿಷಯದಲ್ಲಿ ಕಿವಿಗೊಡುವುದಾದರೆ ಆ ಕಲಿಕೆಯು ಸಾರ್ಥಕವಾಗುವುದು. ಸಂಚಿಕೆಯನ್ನು ಓದಿ ಮುಚ್ಚಿಡುವ ಮೊದಲು, ಮನೆಯಲ್ಲಿ ಯಾರಾದರೂ ಹೇಳಲಾರದೆ ಸುಮ್ಮನಿರುವರೋ ಎಂದು ಒಮ್ಮೆ ವಿಚಾರಿಸಬೇಕೆಂದು ನಮ್ಮ ಸಹೋದರಿಯರನ್ನೂ, ಅವರ ಮನೆಯವರನ್ನೂ ನಾವು ಪ್ರೀತಿಪೂರ್ವಕವಾಗಿ ಬೇಡಿಕೊಳ್ಳುತ್ತೇವೆ.